ದೀಪ ಹಚ್ಚಿ ಬಾ ಎಂದವಳು

ಕಳೆದ ವಾರ ನಿಮ್ಮವ್ವ ಪೇಟೆಯಿಂದ ತಂದ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದಾಗ, ಬೇಳೆ ಬೆಲ್ಲಗಳ ನಡುವಿನಿಂದ ಒಂದು ಪುಟ್ಟ ಪೊಟ್ಟಣ ಉರುಳಿ ನನ್ನ ಕಡೆಗೆ ಬಂತು. ಬಿಚ್ಚಿ ಮೂಸಿದೆ. ಅಮಸೂಲ. ಕಾಡಿನ ಮುರುಗಲ ಹಣ್ಣಿನ ಸಿಪ್ಪೆಯನ್ನು ಉಪ್ಪು ಸವರಿ, ಕಪ್ಪಗಾಗುವವರೆಗೆ ಬಿಸಿಲಿಗೆ ಒಣಗಿಸಿದಾಗ ಬರುವ ಆ ಹುಳಿ ವಾಸನೆ… ನಮ್ಮ ಮನೆತನದಲ್ಲಿ ಹುಣಸೆಯ ಹುಳಿಯೇ ಹೊರತು ಇದನ್ನು ಬಳಸುತ್ತಿರಲಿಲ್ಲ. “ಬ್ಯಾಸಗಿಗೆ ತಂಪು ಯವ್ವಾ, ಪಾನಕ ಮಾಡೂಣು” ಎಂದಳು ನಿಮ್ಮವ್ವ. ನಾನು ಪೊಟ್ಟಣ ಮಡಚಿ ಇಟ್ಟುಬಿಟ್ಟೆ. ಆ ದಿನ ನನಗೆ ಊಟ ಸರಿಯಾಗಿ ಇಳಿಯಲಿಲ್ಲ. ಯಾಕಜ್ಜಿ ಎಂದು ನೀವಿಬ್ಬರೂ ಕೇಳಿದಿರಿ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಹಲಸಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಕೈಯಲ್ಲಿ ಉಳಿದಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಆ ವಾಸನೆ ವೈನಿಯದು. ನೆರೆಮನೆಯವಳಾದರೂ ಅವಳನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ. ಖಾನಾಪುರದಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅವಳು ಆಗಲೇ ಎರಡು ಮಕ್ಕಳ ತಾಯಿ. ಗುಂಜಿಯ ಕಾಡಂಚಿನ ಮರಾಠಿ ಮನೆತನದವಳು. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿ. ನಾವು ಬಸವಣ್ಣನವರಿಗೆ ನಡೆದುಕೊಳ್ಳುವ ಮಂದಿ, ಅವರು ಮೀನು ಮಾಂಸ ತಿನ್ನುವವರು. ಆದರೂ ಆ ಒಂದು ಗೋಡೆ ನಮ್ಮ ನಡುವೆ ಇದ್ದೂ ಇಲ್ಲದಂತಿತ್ತು. ಗೋಡೆಯ ಮೇಲಿನಿಂದ ಬಟ್ಟಲುಗಳು ಆ ಕಡೆಗೂ ಈ ಕಡೆಗೂ ದಾಟುತ್ತಿದ್ದವು. ಮೀನು ಬೇಯಿಸುವ ದಿನ ಅವಳು ಮೊದಲೇ ಕೂಗುತ್ತಿದ್ದಳು: “ಅಗ ಬಾಯಿ, ಇವತ್ತ ನಮ್ಮಲ್ಲಿ ಮೀನ ಐತಿ. ನಿನ್ನ ಕಿಡಕಿ ಮುಚ್ಕೋ, ಇಲ್ಲಂದ್ರ ನಿಮ್ಮ ಅತ್ತಿ ನನ್ನ ಶಾಪ ಹಾಕ್ತಾಳ!” ನಾನು ನಗುತ್ತ ಕಿಟಕಿ ಮುಚ್ಚುತ್ತಿದ್ದೆ. ಹೇಳದೆ ಬೇಯಿಸಿದ್ದು ಒಂದು ಸಲವೂ ಇಲ್ಲ.

ನನಗೋ ಮಂದಿಯ ಮುಂದೆ ಬಾಯಿಯೇ ಬಾರದು. ಅಂಗಡಿಯಲ್ಲಿ ಪಾವು ಸಕ್ಕರೆ ಕೇಳಬೇಕಾದರೂ ಸೆರಗು ತಿರುವುತ್ತ ನಿಲ್ಲುತ್ತಿದ್ದೆ. ವೈನಿ ನನ್ನ ಬಾಯಿಯಾಗಿದ್ದಳು. ಬ್ಯಾಂಕಿಗೆ, ಶಾಲೆಗೆ, ಬಳೆಗಾರನ ಹತ್ತಿರ ಚೌಕಾಸಿಗೆ, ಎಲ್ಲಕ್ಕೂ ಅವಳೇ ಮುಂದೆ, ನಾನು ಅವಳ ಬೆನ್ನ ಹಿಂದೆ. “ದೇವರು ಇಕಿಗೆ ಬಾಯಿ ಕೊಟ್ಟಾನ, ಕೀಲಿ ನನ್ನ ಕೈಯಾಗ ಇಟ್ಟಾನ” ಎಂದು ಅಂಗಡಿಯವನಿಗೆ ಹೇಳಿ ನಗಿಸುತ್ತಿದ್ದಳು. ಅವಳು ಹಾಗೆ ಹೇಳಿದಾಗ ನನಗೆ ಸಿಟ್ಟು ಬರುತ್ತಿರಲಿಲ್ಲ. ಯಾರೋ ಒಬ್ಬರು ನನ್ನ ಹೊಣೆ ಹೊತ್ತಿದ್ದಾರೆ ಎಂಬ ನಿಶ್ಚಿಂತೆ ಇರುತ್ತಿತ್ತು.

ತನ್ನ ಗಂಡ ತೀರಿಕೊಂಡ ಮೇಲೆ ಅವಳು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ವಾರ್ಡಿನಲ್ಲಿ ಅವಳನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದರು. ಬೆಳಗಿನ ರೈಲುಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದಳು. ಬಂದವಳು ಕೈಕಾಲು ತೊಳೆದು, ಒಂದು ಬಟ್ಟಲು ಅಮಸೂಲದ ಸಾರು ಹಿಡಿದು ನಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತು, ಅಂದಿನ ಕತೆಗಳನ್ನೆಲ್ಲ ಹೇಳುತ್ತಿದ್ದಳು. ಯಾರಿಗೆ ಏನಾಯಿತು, ಯಾವ ಅತ್ತೆ ಯಾವ ಸೊಸೆಯ ಮೇಲೆ ವಾರ್ಡಿನಲ್ಲೇ ಜಗಳ ತೆಗೆದಳು, ಯಾವ ಡಾಕ್ಟರು ಗುಟ್ಟಾಗಿ ಭಜಿ ತರಿಸಿ ತಿಂದರು…

ಒಂದು ಸಂಜೆ ಅವಳು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. “ಪೇಶಂಟ್ ಉಳಿಯೂದಿಲ್ಲ ಅಂತ ಗೊತ್ತಾತಂದ್ರ ಮದಲ ಹೇಂತಿನ್ನ ಮನಿಗೆ ಕಳಸ್ತೇನಿ ನಾನು. ಅಲ್ಲೇ ಇದ್ರ ಬೊಬ್ಬಿ ಹೊಡದು ವಾರ್ಡೆಲ್ಲಾ ಎಬ್ಬಸ್ತಾವು. ಬಾಜೂ ಕಾಟಿನ ಪೇಶಂಟೂ ಹೆದರಿ ಸಾಯಬೇಕು.”

“ಹೋಗ್ತಾರೇನು ಹಂಗ?” ಎಂದು ಕೇಳಿದೆ.

“ಹೋಗು ಅಂದ್ರ ಹೋಗೂದಿಲ್ಲ. ‘ದೇವರ ಮನ್ಯಾಗ ದೀಪ ಆರೇತಿ, ಹಚ್ಚಿ ಬಾ’ ಅನ್ನಬೇಕು. ಓಡ್ತಾವು ನೋಡು! ತಿರಗಿ ಬರೂದ್ರಾಗ ಎಲ್ಲಾ ಮುಗದಿರ್ತೈತಿ. ಅವ್ರಿಗೂ ಚಲೋ, ನಮಗೂ ಚಲೋ.”

ನಾನು ನಕ್ಕೆ. ಅವಳು ಆ ಹೆಂಗಸರು ಸೆರಗು ಎತ್ತಿ ಕಟ್ಟಿಕೊಂಡು ಓಡುವುದನ್ನು ಮಾಡಿ ತೋರಿಸಿದ ರೀತಿ ಹಾಗಿತ್ತು.

ನಿಮ್ಮ ಅಜ್ಜ ಊರ ಹೊರಗಿನ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವ ಕೆಲಸದಲ್ಲಿದ್ದರು ಎಂದು ನಿಮಗೆ ಗೊತ್ತು. ಮಾತು ಕಡಿಮೆ. ಮನೆಗೆ ಬಂದರೆ ಮೊದಲು ತಲೆ ಎತ್ತಿ ಮಾಡಿನ ಹೆಂಚು ನೋಡುತ್ತಿದ್ದರು, ಆಮೇಲೆ ನನ್ನನ್ನು. ಒಂದು ಬೇಸಗೆಯ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದವರ ಕೈಯಿಂದ ತಂಬಿಗೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಎಡಗೈ ಜೋತು ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. “ಕೈ ಎಲ್ಲಿ ಹೋತು?” ಎಂದು ತಮ್ಮ ಕೈಯನ್ನೇ ಹುಡುಕುತ್ತಿದ್ದರು. ನಾನು ಗೋಡೆಗೆ ಬಡಿದು ಕೂಗಿದೆ. ವೈನಿ ಅರ್ಧ ಹೆಣೆದ ಜಡೆಯಲ್ಲೇ ಓಡಿ ಬಂದು ನೋಡಿದವಳೇ, “ಲಕವಾ ಹೊಡದೈತಿ. ಎಣ್ಣಿ ಹಚ್ಚಬ್ಯಾಡ, ನಾಟಿ ಔಷಧ ಬ್ಯಾಡ, ಬಾಯಿಗೆ ನೀರೂ ಬ್ಯಾಡ. ಗಾಡಿ ತರಸ್ತೇನಿ” ಎಂದಳು. ಓಣಿಯವರು ಯಾರೋ ಪಾರಿವಾಳದ ರಕ್ತ ಹಚ್ಚುವವನ ಹೆಸರು ಹೇಳಲು ಬಂದರೆ, “ನಿನ್ನ ತಲಿಗೆ ಹಚ್ಕೋ ಹೋಗು!” ಎಂದು ಅಟ್ಟಿಬಿಟ್ಟಳು. ಅವಳು ಇಲ್ಲದಿದ್ದರೆ ನಾವು ಬೆಳಗಾವಿಗೆ, ಅವಳ ಆಸ್ಪತ್ರೆಗೆ, ಅಷ್ಟು ಬೇಗ ಮುಟ್ಟುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟರೆ ಅವಳಿಗೆ ಅನ್ಯಾಯ ಮಾಡಿದಂತಾಗುತ್ತದೆ.

ತಲೆಯ ಫೋಟೋ ತೆಗೆದರು. ಮಿದುಳಿಗೆ ಹೋಗುವ ಒಂದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದೆ ಎಂದರು. ಔಷಧಿ ಶುರುವಾಯಿತು. ಮರುದಿನ ಎಡಗೈಯ ಬೆರಳು ಸ್ವಲ್ಪ ಅಲುಗಿತು. ಮಾತು ತೊದಲುತ್ತಿದ್ದರೂ ತಿಳಿಯುತ್ತಿತ್ತು. ಆಗ ನಿಮ್ಮವ್ವ ಧಾರವಾಡದ ಗಂಡನ ಮನೆಯಲ್ಲಿ ಎರಡನೆಯ ಬಾಣಂತನದಲ್ಲಿದ್ದಳು. ನಿಮ್ಮಲ್ಲಿ ಚಿಕ್ಕವನು ಹುಟ್ಟಿ ಕೆಲವೇ ದಿನವಾಗಿತ್ತು. ಹಸಿ ಬಾಣಂತಿಗೆ ಇಂಥ ಸುದ್ದಿ ಮುಟ್ಟಿಸಬಾರದು ಎಂದು ನಿಮ್ಮ ಅಜ್ಜನ ಅಣ್ಣ, ನನ್ನ ಭಾವ, ತೀರ್ಮಾನ ಮಾಡಿದ್ದರು. ಆಸ್ಪತ್ರೆಯಲ್ಲಿ ನಾನು, ಭಾವ ಮತ್ತು ಡ್ಯೂಟಿಯ ನಡುನಡುವೆ ಬಂದು ಹೋಗುವ ವೈನಿ. ಅಷ್ಟೇ ಜನ.

ಭಾವ ಇದ್ದಾಗ ನಾನು ಗಂಡನ ಮಂಚದ ಹತ್ತಿರ ಕೂಡುವಂತಿರಲಿಲ್ಲ. ನಮ್ಮ ಕಾಲದ ರೀತಿ ಅದು. ಹಿರಿಯರ ಮುಂದೆ ಗಂಡನೊಂದಿಗೆ ನೇರವಾಗಿ ಮಾತಾಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರುವಂತಿಲ್ಲ. ಭಾವ ಚಹಾ ಕುಡಿಯಲು ಹೋದಾಗ ಹತ್ತಿರ ಸರಿಯುತ್ತಿದ್ದೆ, ಅವರ ಚಪ್ಪಲಿಯ ಸದ್ದು ಕೇಳಿದರೆ ಬಾಗಿಲಿಗೆ ಸರಿಯುತ್ತಿದ್ದೆ. ನಿಮ್ಮ ಅಜ್ಜ ಅದನ್ನು ನೋಡಿ ನಗುತ್ತಿದ್ದರು, ಬಾಯಿಯ ಒಂದೇ ಕಡೆಯಿಂದ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಧ್ಯಾಹ್ನ ಅವರು ತಲೆ ಸಿಡಿಯುತ್ತಿದೆ ಎಂದರು. ವಾಂತಿಯಾಯಿತು. ಮತ್ತೆ ಫೋಟೋಕ್ಕೆ ಕರೆದುಕೊಂಡು ಹೋದರು. ಮರಳಿ ಕರೆತಂದಾಗ ಅವರಿಗೆ ಜೊಂಪು ಹತ್ತುತ್ತಿತ್ತು, ಕರೆದರೆ ಕಣ್ಣು ಬಿಟ್ಟು ಸರಿಯಾಗಿಯೇ ಉತ್ತರ ಕೊಡುತ್ತಿದ್ದರು. ಡಾಕ್ಟರು ಭಾವನನ್ನು ತಮ್ಮ ಕೋಣೆಗೆ ಕರೆದರು. ಭಾವ ವೈನಿಯನ್ನು ಜೊತೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಮಾತು ತಿಳಿಯುವವಳು ಅವಳೇ ಅಲ್ಲವೇ? ನಾನು ಹೊರಗಿನ ಬೆಂಚಿನ ಮೇಲೆ ಅವರ ಟವೆಲ್ ಹಿಡಿದುಕೊಂಡು ಕೂತಿದ್ದೆ. ಬಾಗಿಲು ಮುಚ್ಚಿತ್ತು.

ಮೊದಲು ಹೊರಗೆ ಬಂದವಳು ವೈನಿ. ಅವಳ ಮುಖ ದಿನದಂತೆಯೇ ಇತ್ತು. ಇಷ್ಟು ವರ್ಷಗಳಾದ ಮೇಲೂ ನಾನು ಆ ಮುಖವನ್ನು ತಿರುಗಿಸಿ ತಿರುಗಿಸಿ ನೋಡುತ್ತೇನೆ. ಎಲ್ಲಿಯಾದರೂ ಒಂದು ಗೆರೆ ಹೆಚ್ಚು ಕಡಿಮೆ ಇತ್ತೇ ಎಂದು… ಇರಲಿಲ್ಲ.

“ಏನಂದ್ರು ವೈನಿ?”

“ಏನ್ ಅಂತಾರ, ನಿದ್ದಿ ಸಾಲವಲ್ದು ಅಂದ್ರು. ನೀ ಭಾವ ಹೋದ ಕೂಡ್ಲೆ ಹೋಗಿ ಗುಸುಗುಸು ಮಾತಾಡಿ ತಲಿಬ್ಯಾನಿ ತಂದೀ. ಹೊಸಾ ಮದಿವಿ ಆದವ್ರಂಗ!”

ನನಗೆ ನಾಚಿಕೆಯಾಗಿ ಮುಖ ಕೆಳಗೆ ಹಾಕಿದೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. “ನಿನ್ನ ಮಾರಿ ಕನ್ನಡ್ಯಾಗ ನೋಡೀಯೇನು? ತಲಿಮ್ಯಾಲ ನೀರ ಹಾಕ್ಕೊಂಡು ಎಷ್ಟ ದಿನ ಆತು? ಮನಿ ಬಾಗಲಾ ಹಾಕಿ ಬಂದೀ, ದೇವರ ಮುಂದ ಒಂದ ದೀಪ ಇಲ್ಲ. ಹೋಗು. ದೀಪ ಹಚ್ಚಿ, ಒಂದೀಟ ನಿದ್ದಿ ಮಾಡಿ, ಮುಂಜಾನಿ ಗಾಡಿಗೆ ಬಾ. ರಾತ್ರಿ ಪಾಳಿ ನಾ ಹಾಕಿಸ್ಕೋತೇನಿ. ನಾ ಇರ್ತೇನಲ್ಲ?”

ದೀಪ ಹಚ್ಚಿ ಬಾ. ಅದೇ ಮಾತು. ಹಿತ್ತಲಿನ ಕಲ್ಲಿನ ಮೇಲೆ ಕೂತು ಅವಳು ಹೇಳಿದ್ದು, ನಾನು ನಕ್ಕದ್ದು. ಆದರೆ ಆ ಕ್ಷಣಕ್ಕೆ ನನಗೆ ಅದು ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಆ ಮಾತು ಹೇಳಿಸಿಕೊಳ್ಳುವವರು ಬೇರೆ ಹೆಂಗಸರು ಎಂದು ತಿಳಿದಿದ್ದೆ. ಊರು ಹೆಸರು ಗೊತ್ತಿಲ್ಲದ, ಬೊಬ್ಬೆ ಹೊಡೆಯುವ ಹೆಂಗಸರು. ನಾನು ಗೋಡೆಯ ಈ ಕಡೆಯವಳು. ನನಗೆ ಅವಳು ಮೀನು ಬೇಯಿಸುವುದನ್ನೂ ಮೊದಲೇ ಹೇಳುವವಳು.

ಹೊರಡುವ ಮುನ್ನ ಒಳಗೆ ಹೋದೆ. ಭಾವ ಮಂಚದ ತಲೆಯ ಕಡೆ ನಿಂತಿದ್ದರು. ನಿಮ್ಮ ಅಜ್ಜ ಕಣ್ಣು ಬಿಟ್ಟರು.

“ಹೊಂಟ್ಯಾ?”

ತಲೆ ಅಲ್ಲಾಡಿಸಿದೆ.

“ನಿನಗೊಂದ ಹೇಳೂದಿತ್ತು” ಎಂದರು.

ಭಾವ ಗಂಟಲು ಸರಿಮಾಡಿಕೊಂಡರು. ನಾನು ಸೆರಗು ಮುಂದೆ ಎಳೆದುಕೊಂಡೆ. ವೈನಿ ನನ್ನ ತೋಳು ಹಿಡಿದು, “ಬಂದ ಮ್ಯಾಲ ಹೇಳ್ರಿ ಅಣ್ಣಾವರ, ಗಾಡಿ ತಪ್ಪತೈತಿ” ಎಂದಳು. ಅವರು ಹೂಂ ಎಂದರು.

ಆ ಸಂಜೆ ಖಾನಾಪುರದ ಮನೆಯಲ್ಲಿ ಸ್ನಾನ ಮಾಡಿ ದೀಪ ಹಚ್ಚಿದೆ. ಲಿಂಗಪೂಜೆ ಮಾಡಿಕೊಂಡೆ. ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿ ಗಾಢ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ಮೊಸರನ್ನ ಕಲಸಿ, ಮಡಿಸಿದ ಧೋತರ ಇಟ್ಟುಕೊಂಡು ಗಾಡಿ ಹತ್ತಿದೆ. ದೇಸೂರಿನಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿಯನ್ನು ಬಹಳ ಹೊತ್ತು ನಿಲ್ಲಿಸಿದರು. ನನ್ನ ಎದುರಿಗೆ ಕೂತಿದ್ದ ಸೊಪ್ಪಿನವಳು ತನ್ನ ಗಂಡನ ಗೊರಕೆಯ ಬಗ್ಗೆ ಏನೋ ಹೇಳಿದಳು. ನಾನೂ ಒಂದೆರಡು ಮಾತು ಸೇರಿಸಿದೆ. ಇಬ್ಬರೂ ನಕ್ಕೆವು. ಅಪರಿಚಿತರೊಂದಿಗೆ ನಾನು ಹಾಗೆ ಮಾತಾಡಿದ್ದೇ ಕಡಿಮೆ. ಅಷ್ಟು ಸಮಾಧಾನವಿತ್ತು ನನಗೆ ಆ ಬೆಳಿಗ್ಗೆ…

ಆಸ್ಪತ್ರೆಗೆ ಹೋದರೆ ಮಂಚ ಖಾಲಿ. ಬೇರೆ ಕೋಣೆಗೆ ಒಯ್ದಿದ್ದರು. ಬಾಯಿಗೆ ನಳಿಗೆ, ಎದೆ ಯಂತ್ರದ ಲೆಕ್ಕಕ್ಕೆ ಏರಿ ಇಳಿಯುತ್ತಿತ್ತು. ಕರೆದೆ. ಭಾವನ ಮುಂದೆಯೇ, ಎಲ್ಲರ ಮುಂದೆಯೇ ಕರೆದೆ. ಕಣ್ಣು ಬಿಡಲಿಲ್ಲ. “ಒಮ್ಮಿಂದೊಮ್ಮೆ ಆತು, ಯಾರ ಕೈಯಾಗ ಏನೈತಿ” ಎಂದಳು ವೈನಿ, ನನ್ನನ್ನು ಅಪ್ಪಿಕೊಂಡು. ಅವಳ ಸೀರೆಯಿಂದ ಅದೇ ಹುಳಿ ವಾಸನೆ ಬರುತ್ತಿತ್ತು. ನಾನು ಅವಳ ಭುಜದ ಮೇಲೆ ತಲೆಯಿಟ್ಟು ಅತ್ತೆ. ಎರಡು ದಿನಗಳ ಮೇಲೆ ಅವರು ಹೋದರು.

ಒಮ್ಮಿಂದೊಮ್ಮೆ ಆಯಿತು ಎಂದೇ ನಂಬಿದೆ, ಒಂದು ವರ್ಷ ಪೂರ್ತಿ. ಆ ವರ್ಷ ನನ್ನನ್ನು ಬದುಕಿಸಿದವಳೂ ಅವಳೇ. ನಾನು ಒಲೆ ಹಚ್ಚದ ದಿನ ಗೋಡೆಯ ಮೇಲಿನಿಂದ ರೊಟ್ಟಿ ಬರುತ್ತಿತ್ತು. “ನೀ ಉಣ್ಣಲಿಲ್ಲಂದ್ರ ನಾ ಮೀನ ತಂದ ನಿಮ್ಮ ಅಡಗಿಮನ್ಯಾಗ ಬೇಯಸ್ತೇನಿ ನೋಡು” ಎಂದು ಹೆದರಿಸಿ ಉಣ್ಣಿಸುತ್ತಿದ್ದಳು. ನನ್ನ ಕಣ್ಣೀರೆಲ್ಲ ನೋಡಿದವಳು ಅವಳು. ಎಷ್ಟು ಸಲ ಅವಳ ಮುಂದೆ ಹೇಳಿದ್ದೇನೋ, “ಅವರು ಏನೋ ಹೇಳೂದೈತಿ ಅಂದಿದ್ರು ವೈನಿ, ಏನಿದ್ದೀತು?” ಎಂದು. ಅವಳು ಬಟ್ಟಲು ತೊಳೆಯುತ್ತ, “ಏನಿರ್ತೈತಿ, ಧೋತರ ತಾ ಅನ್ನಾವ್ರ ಇದ್ದಾರು” ಎಂದುಬಿಡುತ್ತಿದ್ದಳು.

ವರ್ಷದ ಪುಣ್ಯತಿಥಿಯ ದಿನ ನಮ್ಮ ಮನೆಯಲ್ಲಿ ಜಂಗಮರ ಪ್ರಸಾದವಾಗಿ, ಬಂಧು ಬಳಗ ಊಟಕ್ಕೆ ಕೂತಿತ್ತು. ಒಳಗೆ ನಾನು ಹುಗ್ಗಿಗೆ ತುಪ್ಪ ಕಾಯಿಸುತ್ತಿದ್ದೆ, ವೈನಿ ಹಪ್ಪಳ ಕರಿಯುತ್ತಿದ್ದಳು. ಪಡಸಾಲೆಯಿಂದ ಭಾವನ ಮಾತು ತೇಲಿ ಬಂತು. ಉಂಡು ಎಲೆ ಅಡಿಕೆ ಹಾಕಿಕೊಂಡು ಯಾರಿಗೋ ಹೇಳುತ್ತಿದ್ದರು.

“ಡಾಕ್ಟರ್ ಮದ್ಯಾನ್ನನ ಹೇಳಿದ್ದ. ಹೆಪ್ಪ ಕಟ್ಟಿದ ಜಾಗಾದಾಗ ರಕ್ತ ಒಸರಾಕತ್ತೈತಿ, ಹೊತ್ತ ಹೋದಂಗ ಎಚ್ಚರ ತಪ್ಪಬಹುದು, ಮಾತಾಡವ್ರು ಈಗ ಮಾತಾಡಿಬಿಡ್ರಿ ಅಂತ. ನಾವು ಗಟ್ಟಿ ಮನಸ ಮಾಡಿ ಇಕಿಗೆ ಹೇಳಲಿಲ್ಲ. ಬಾಜೂಮನಿ ಬಾಯಿ ಭಾಳ ಶಾಣ್ಯಾಕಿ, ಉಪಾಯ ಮಾಡಿ ಊರಿಗೆ ಕಳಿಸಿದಳು. ಇಲ್ಲಂದ್ರ ಅಲ್ಲೇ ಎದಿ ಒಡಕೋತಿದ್ದಳು ಇಕಿ.”

ಕೇಳಿದವರು ಹೌದು ಹೌದು, ಒಳ್ಳೆಯದನ್ನೇ ಮಾಡಿದಿರಿ ಎಂದರು.

ತುಪ್ಪ ಹೊತ್ತಿದ ವಾಸನೆ ಬಂದಾಗ ಎಚ್ಚರವಾಯಿತು. ವೈನಿ ಜಾಲರಿ ಸೌಟಿನಲ್ಲಿ ಹಪ್ಪಳ ಎತ್ತಿ ಹಿಡಿದವಳು ಹಾಗೇ ಕೂತಿದ್ದಳು. ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವಳೂ ಕೇಳಿಸಿಕೊಂಡಿದ್ದಳು. ಅಂದು ಮೊದಲ ಸಲ ಅವಳ ಮುಖದಲ್ಲಿ ಆ ಹೆಚ್ಚು ಕಡಿಮೆಯ ಗೆರೆಯನ್ನು ಕಂಡೆ.

“ನನ್ನೂ ದೀಪ ಹಚ್ಚಾಕ ಕಳಿಸಿದ್ರೇನು ವೈನಿ?” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಅಗ… ನಿಮ್ಮ ಭಾವ ಕೈ ಮುಗದು ಕೇಳ್ಕೊಂಡ್ರು. ನೀ ಸೈಸಾಕಿ ಅಲ್ಲ ಅಂದ್ರು.”

“ನಾ ಸೈಸತೇನೋ ಇಲ್ಲೋ ನಿಮಗ ಗೊತ್ತಿರಲಿಲ್ಲ?”

ಅವಳು ಹಪ್ಪಳವನ್ನು ಮತ್ತೆ ಎಣ್ಣೆಗೇ ಬಿಟ್ಟಳು. ಅದು ಕರಿದು ಮುಗಿದ ಹಪ್ಪಳ. “ನಿನ್ನ ಒಳ್ಳೇದಕ್ಕ ಮಾಡಿದೆ” ಎಂದಳು.

“ಎಚ್ಚರ ಎಷ್ಟೊತ್ತು ಇತ್ತು ಅವರಿಗೆ?”

ಅವಳು ಒಲೆಯ ಉರಿ ಸಣ್ಣ ಮಾಡಿದಳು. ಆಮೇಲೆ ಮುಖ ಎತ್ತದೆ ಹೇಳಿದಳು. ದೀಪ ಹಚ್ಚುವ ಹೊತ್ತು ಮುಗಿದ ಮೇಲೂ ಮಾತಾಡುತ್ತಿದ್ದರಂತೆ. ಇಕಿ ಬಂದಳೇನು, ಇಕಿ ಬಂದಳೇನು ಎಂದು ಕೇಳುತ್ತಿದ್ದರಂತೆ. “ಗಾಡ್ಯಾಗ ಅದಾಳ್ರಿ ಅಣ್ಣಾವರ, ಬರಾಕತ್ತಾಳ ಅಂತಿದ್ದೆ ನಾನು. ಅಷ್ಟಕ್ಕ ಸಮಾಧಾನ ಆಗಿ ಕಣ್ಣ ಮುಚ್ಚತಿದ್ರು…”

ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆ. ಇನ್ನೊಂದು ಗಾಡಿಗೆ ಮರಳಿ ಹೋಗಬಹುದಿತ್ತು. ಯಾರದಾದರೂ ಕೈಕಾಲು ಹಿಡಿದು ವಾಹನ ಮಾಡಿಸಿಕೊಂಡು ಹೋಗಬಹುದಿತ್ತು. ಹೇಳಿದ್ದರೆ.

ಮಕ್ಕಳೇ, ಆ ಕಾಯಿಲೆ ಹೇಗೆ ಆಗುತ್ತದೆಂದು ನಾನು ಆಮೇಲೆ ಒಬ್ಬ ಡಾಕ್ಟರಮ್ಮನಿಂದ ತಿಳಿದುಕೊಂಡೆ. ರಕ್ತ ಸಿಗದೆ ಸತ್ತ ಭಾಗದಲ್ಲಿ ರಕ್ತನಾಳಗಳ ಗೋಡೆಯೂ ಸಡಿಲವಾಗುತ್ತದಂತೆ. ಮುಚ್ಚಿದ ದಾರಿ ತೆರೆದು ರಕ್ತ ತಿರುಗಿ ಹರಿದು ಬಂದಾಗ ಕೆಲವರಲ್ಲಿ ಅಲ್ಲೇ ಹೊರಗೆ ಒಸರುತ್ತದಂತೆ. ಸುಡದ ಮಡಕೆಗೆ ನೀರು ತುಂಬಿದರೆ ಹೇಗೋ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ಅದು ಯಾರ ತಪ್ಪೂ ಅಲ್ಲ ಎಂದರು ಆಕೆ. ನಾನೂ ಯಾರ ಮೇಲೂ ಆ ತಪ್ಪು ಹೊರಿಸುವುದಿಲ್ಲ. ಭಾವನ ಮೇಲೂ ನನಗೆ ದೊಡ್ಡ ಸಿಟ್ಟಿಲ್ಲ. ಅವರಿಂದ ನಾನು ಏನನ್ನೂ ಬಯಸಿದವಳಲ್ಲ. ಆದರೆ ವೈನಿ… ನಾನು ನನ್ನ ಬಾಯಿಯನ್ನೇ ಅವಳ ಕೈಗೆ ಕೊಟ್ಟಿದ್ದೆ. ಅವಳು ಅದರಿಂದ ನನಗೇ ಸುಳ್ಳು ಹೇಳಿದಳು, ನನ್ನ ಗಂಡನಿಗೂ ಹೇಳಿದಳು. ಆಮೇಲೆ ಒಂದು ವರ್ಷ, ದಿನ ತಪ್ಪದೆ, ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಮುಚ್ಚಿಟ್ಟಳು.

ಜಗಳವಾಡಲಿಲ್ಲ. ಜಗಳವಾಡಲು ನನಗೆ ಬಾರದು. ಗೋಡೆಯ ಮೇಲಿನಿಂದ ಬಟ್ಟಲು ಬಂದರೆ ತೆಗೆದುಕೊಳ್ಳಲಿಲ್ಲ. ಅದು ಅಲ್ಲೇ ಕೂತು ಆರುತ್ತಿತ್ತು, ಸಂಜೆಗೆ ಅವಳೇ ಒಯ್ಯುತ್ತಿದ್ದಳು. ಸ್ವಲ್ಪ ದಿನ ಹಾಗೆ ನಡೆದು, ನಂತರ ಬಟ್ಟಲು ಬರುವುದು ನಿಂತಿತು. ಮೀನು ಬೇಯಿಸುವ ದಿನ ಅವಳು ಕೂಗುತ್ತಿರಲಿಲ್ಲ. ವಾಸನೆ ಬಂದಾಗ ನಾನೇ ಎದ್ದು ಕಿಟಕಿ ಮುಚ್ಚುತ್ತಿದ್ದೆ.

ನೀವು ಧಾರವಾಡ ಬಿಟ್ಟು ಬೆಳಗಾವಿಗೆ ಬಂದು, ನಾನೂ ನಿಮ್ಮ ಜೊತೆ ಇರಲು ಬಂದ ಮೇಲೆ, ಅವಳೂ ಮುಪ್ಪಿನಲ್ಲಿ ಇಲ್ಲೇ ತನ್ನ ಮಗಳ ಮನೆ ಸೇರಿದ್ದು ತಿಳಿಯಿತು. ಎರಡು ವರ್ಷಗಳ ಹಿಂದೆ ಅವಳ ಮಗಳು ನಮ್ಮ ಬಾಗಿಲಿಗೆ ಬಂದು, “ಆಯಿ ನಿಮ್ಮನ್ನ ಭಾಳ ನೆನಸ್ತಾಳ್ರಿ ಮಾವಶಿ, ಒಮ್ಮೆ ಬಂದ ಹೋಗ್ರಿ” ಎಂದು ಕೇಳಿಕೊಂಡಳು. ಹೋದೆ. ಮಂಚದ ಮೇಲೆ ಒಂದು ಹಿಡಿಯಾಗಿದ್ದಳು. ಆದರೂ ನನ್ನನ್ನು ಕಂಡ ಕೂಡಲೇ, “ಬಾ, ಸತ್ತಾಳೇನಂತ ನೋಡಾಕ ಬಂದ್ಯಾ? ಇನ್ನೂ ಟೈಮ್ ಐತಿ, ಚಹಾ ಕುಡದ ಹೋಗು” ಎಂದಳು. ನನಗೆ ನಗು ಬಂತು. ನಗಲಿಲ್ಲ.

ಮಗಳು ಚಹಾ ಮಾಡಲು ಒಳಗೆ ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. “ಅವರು ಹೇಳೂದೈತಿ ಅಂದಿದ್ದು ಏನಂತ ನೀ ಕೇಳತಿದ್ದೀ ಅಲ್ಲ. ಹೇಳಿದ್ರು. ಹಿತ್ತಲ ಕಡಿ ಹೆಂಚ ಸರದಾವು, ಮಳಿ ಹಿಡಿಯೂಕಿಂತ ಮದಲ ಕೂಡಿಸ್ಕೊ ಅಂತ ಇಕಿಗೆ ಹೇಳ್ರಿ ಅಂದ್ರು.”

ನಾನು ಅವಳ ಮುಖವನ್ನೇ ನೋಡಿದೆ. ಅದು ನಿಮ್ಮ ಅಜ್ಜನದೇ ಮಾತು. ಹೆಂಚು ಬಿಟ್ಟು ಅವರಿಗೆ ಬೇರೆ ಏನು ಹೊಳೆಯಬೇಕು? ಸಾಯುವ ಹೊತ್ತಿಗೆ ಬೇರೆ ಗಂಡಸರು ಹೇಳುವ ಸಿನಿಮಾದ ಮಾತು ಅವರ ಬಾಯಿಯಲ್ಲಿ ಬರುವಂಥದ್ದಲ್ಲ. ನನ್ನ ಎದೆ ಒಮ್ಮೆ ತುಂಬಿ ಬಂತು.

ಮರುಕ್ಷಣವೇ ಇನ್ನೊಂದು ವಿಚಾರ ಬಂತು. ಆ ಹೆಂಚು ಸರಿದದ್ದು ಗೋಡೆಯ ಆ ಕಡೆಯ ಅವಳಿಗೂ ಕಾಣುತ್ತಿತ್ತು. ನಿಮ್ಮ ಅಜ್ಜ ಎಂಥವರೆಂದು ಅವಳಿಗೂ ಗೊತ್ತಿತ್ತು. ಅವರು ಹೋದ ಕೆಲವೇ ವಾರಗಳಲ್ಲಿ ಮಳೆ ಹಿಡಿದು ಹಿತ್ತಲ ಕಡೆಯ ಕೋಣೆ ಸೋರಿತು. ನಾನೊಬ್ಬಳೇ ಬುಟ್ಟಿ, ತಪ್ಪೇಲಿ ಇಟ್ಟು ಇಟ್ಟು ಸಾಕಾಗಿದ್ದೆ. ಅವಳೂ ಬಂದು ನನ್ನ ಜೊತೆ ನೀರು ಬಳಿದಳು. ಮಾತು ನಿಜವಾಗಿದ್ದರೆ ಅದನ್ನು ಮಳೆಗೆ ಮೊದಲು ಹೇಳಬೇಕಿತ್ತಲ್ಲ? ಹೇಳಿದ್ದರೆ, ಅವರು ಯಾವಾಗ ಮಾತಾಡಿದರು ಎಂದು ನಾನು ಕೇಳುತ್ತಿದ್ದೆ. ಅದಕ್ಕೆ ಹೇಳದೆ ನನ್ನನ್ನು ತೋಯಲು ಬಿಟ್ಟಳೋ? ಇಲ್ಲ, ಈಗ ನನ್ನನ್ನು ಸಮಾಧಾನ ಮಾಡಲು ಹೊಸದಾಗಿ ಕಟ್ಟಿದಳೋ? ಎರಡರಲ್ಲಿ ಯಾವುದಾದರೂ…

“ಖರೇನ?” ಎಂದು ಕೇಳಿದೆ.

“ನಿನ್ನ ಆಣಿ” ಎಂದಳು.

ಕೈ ಬಿಡಿಸಿಕೊಂಡು ಚಹಾ ಕುಡಿದು ಬಂದೆ. ಆ ಮಾತನ್ನು ಇವತ್ತಿಗೂ ನಂಬಲಾರೆ, ಬಿಡಲಾರೆ. ಮುಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ.

ಮೊನ್ನೆ ನನ್ನ ತಲೆಸುತ್ತು ತೋರಿಸಲು ನಿಮ್ಮವ್ವ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳಲ್ಲ. ಬಿ.ಪಿ. ನೋಡಿ, ತಲೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಆ ಹುಡುಗ ಡಾಕ್ಟರು ನಿಮ್ಮವ್ವನಿಗೆ, “ನೀವೊಂದ ನಿಮಿಷ ಹೊರಗ ಬರ್ರಿ” ಎಂದರು. ನಿಮ್ಮವ್ವ ಎದ್ದಳು. ಅವಳ ಸೆರಗು ಹಿಡಿದು ಕೂಡಿಸಿದೆ. ನಾನೇ ಹೇಳಿದೆ: “ಇಲ್ಲೇ ಹೇಳ್ರಿ ಡಾಕ್ಟರ. ತಲಿ ನಂದೈತಿ.”

ಡಾಕ್ಟರು ನಕ್ಕು, ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. ಸಣ್ಣ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಮುಚ್ಚಿವೆ, ಗುಳಿಗೆ ತಪ್ಪಿಸುವಂತಿಲ್ಲ, ಉಪ್ಪು ಕಡಿಮೆ ಮಾಡಬೇಕು, ಮುಂದೆ ಏನೇನಾಗಬಹುದು, ಎಲ್ಲವನ್ನೂ ನನಗೇ ಹೇಳಿದರು. ಕೇಳಿದೆ. ಎದೆ ಒಡೆಯಲಿಲ್ಲ.

ಆಟೋದಲ್ಲಿ ಬರುವಾಗ ನನಗೆ ನನ್ನಷ್ಟಕ್ಕೇ ನಗು ಬಂತು. ತಲಿ ನಂದೈತಿ! ನಾನು, ಸೆರಗಿನ ತುದಿ ತಿರುವುತ್ತ ನಿಲ್ಲುವವಳು, ಡಾಕ್ಟರಿಗೆ ಹಾಗೆಂದೆ. ಇದನ್ನು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುವವಳು, ನನ್ನ ಹಾಗೆಯೇ ಕೂತು ಮಾಡಿ ತೋರಿಸುವವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು. ಅವಳು ಈಗ ಇಲ್ಲ. ಇದ್ದಿದ್ದರೂ ನಾನು ಅವಳಿಗೆ ಹೇಳುತ್ತಿರಲಿಲ್ಲ.